ಕದ್ರುವಿನ ಬಾಣಂತನ

ಕನ್ನಡ ಕೂಟದಲ್ಲಿ ಟೆಸ್ಲಾ ಇಟ್ಟುಕೊಂಡವರು ಬೇಕಾದಷ್ಟು ಜನ ಸಿಗುತ್ತಾರೆ. ಬೇಸ್‌ಮೆಂಟಿನಲ್ಲಿ ಬೋವಾ ಕನ್‌ಸ್ಟ್ರಿಕ್ಟರ್ ಹಾವಿನ ಜೋಡಿ ಇಟ್ಟುಕೊಂಡವನು ಅರೋರಾ ಊರಿಗೆಲ್ಲ ನಾನೊಬ್ಬನೇ ಇರಬೇಕು. ‘ವಿಷ ಇದೆಯಾ?’ ಎಂದು ಎಲ್ಲರೂ ಕೇಳುತ್ತಾರೆ. ಇಲ್ಲ ಎಂದರೆ, ಮೋಸ ಹೋದವರಂತೆ ಮುಖ ಮಾಡಿಕೊಂಡು ಕಾಫಿ ಕಡೆ ನಡೆಯುತ್ತಾರೆ.

ಹೆಣ್ಣಿಗೆ ಕದ್ರು ಎಂದು ಹೆಸರಿಟ್ಟೆ, ಗಂಡಿಗೆ ಕಶ್ಯಪ. ಆಕೆ ಏಳಡಿ, ಈತ ಐದಡಿ. ಬೋವಾಗಳಿಗೆ ಪ್ರೇಮ ಹುಟ್ಟುವುದು ಚಳಿಗಾಲದಲ್ಲಿ; ನವೆಂಬರಿನಿಂದ ರಾತ್ರಿ ಹೊತ್ತು ಶಾಖ ತುಸು ಇಳಿಸಬೇಕು. ಗಂಡಿನ ಬಾಲದ ಬುಡದಲ್ಲಿ ಎರಡು ಪುಟ್ಟ ಮುಳ್ಳುಗಳಿರುತ್ತವೆ, ಪೂರ್ವಜರ ಹಿಂಗಾಲು ಸವೆದು ಉಳಿದದ್ದು. ಅವುಗಳಿಂದ ಹೆಣ್ಣಿನ ಮೈ ಕೆರೆಯುವುದೇ ಪ್ರಣಯ. ಕಶ್ಯಪ ವಾರಗಟ್ಟಲೆ ಕೆರೆದ. ಕದ್ರು ಗೋಡೆ ನೋಡುತ್ತ ಮಲಗಿದ್ದಳು. ನನ್ನ ಹೆಂಡತಿ ಇಣುಕಿ, “ಪಾಪ, ಅವಳಿಗೂ ಬೆಳಿಗ್ಗೆ ಬೇಗ ಏಳಬೇಕೇನೋ” ಎಂದಳು. ಹೇಗೋ ಬಸಿರು ನಿಂತಿತು.

ಮೇ ತಿಂಗಳಲ್ಲಿ ಶಿವಮೊಗ್ಗದಿಂದ ಅಮ್ಮ ಬಂದಳು. ತೆಂಗಿನ ತುರಿ ಹುಡುಕುತ್ತ ಗರಾಜಿನ ಫ್ರೀಜರಿಗೆ ಕೈ ಹಾಕಿ ಚೀಲವೊಂದನ್ನು ಎಳೆದಳು. ಒಳಗೆ ಬಿಳಿ ಇಲಿಗಳು, ಬಾಲವೆಲ್ಲ ಒಂದೇ ಕಡೆಗೆ. “ಈರುಳ್ಳಿ ತಿನ್ನದ ಮನೆತನ ಕಣೋ ನಮ್ದು!” ಆ ಇಲಿಗಳನ್ನು ಬಿಸಿನೀರಿನಲ್ಲಿ ಕರಗಿಸಿ, ಸೊಸೆಯ ಹೇರ್ ಡ್ರೈಯರಿನಿಂದ ತಲೆ ಬೆಚ್ಚಗೆ ಮಾಡಿ ಬಡಿಸುತ್ತೇನೆಂದು ಆಗ ಹೇಳಲಿಲ್ಲ. ಸೊಸೆಗೂ ಹೇಳಿಲ್ಲ.

ಜುಲೈನ ಒಂದು ರಾತ್ರಿ ಕದ್ರು ಒದ್ದಾಡತೊಡಗಿದಳು. ನಾನು ಉಪನ್ಯಾಸಕನ ಗತ್ತಿನಲ್ಲಿ, “ಅಮ್ಮ, ಇದು ಮೊಟ್ಟೆ ಇಡಲ್ಲ, ಮರಿ ಹಾಕತ್ತೆ” ಎಂದೆ.

“ನಮ್ಮ ತೋಟದ ಕೊಳಕುಮಂಡಲವೂ ಮರಿನೇ ಹಾಕೋದು. ಅದನ್ನ ತಿಳ್ಕೊಳ್ಳೋಕೆ ಅಮೆರಿಕಕ್ಕೆ ಬರಬೇಕಿತ್ತಾ?” ಎಂದವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಬೇಸ್‌ಮೆಂಟಿಗೆ ಇಳಿದಳು. “ಗಂಡಸರು ಇಲ್ಲಿ ನಿಲ್ಲಬಾರದು, ನಡಿ.” ಕಶ್ಯಪನ ಡಬ್ಬಕ್ಕೂ ಟವೆಲ್ ಹೊದಿಸಿದಳು. ಪುಸ್ತಕ ಓದಿ, ಥರ್ಮೋಸ್ಟಾಟ್ ತಿರುಗಿಸಿ, ಇಷ್ಟು ತಿಂಗಳು ಕಾದ ನಾನು ಮೆಟ್ಟಿಲ ಮೇಲೆ ಕೂತು ಬಾಗಿಲಾಚೆಯ ವರದಿ ಕೇಳಬೇಕಾಯಿತು.

ಅಮ್ಮ ಭತ್ತ ಅಳೆಯುವವರ ಹಾಗೆ ಎಣಿಸುತ್ತಿದ್ದಳು. “ಲಾಭ... ಎರಡು... ಮೂರು...” ನಡುವೆ ಸುಬ್ರಹ್ಮಣ್ಯನ ಹೆಸರು. “ಪೊರೆಯೊಳಗೇ ಇದೆ ಕಣೋ... ಮೂಗಲ್ಲಿ ಹರೀತು... ನಾಲಿಗೆ ಚಾಚಿತು, ತುಂಟ ಮುಂಡೇದು!” ಆಮೇಲೆ ಮೌನ. “ಇದೇನೋ ಹಳದಿ ಗಟ್ಟಿ?” ಫಲ ಕಟ್ಟದ ಮೊಟ್ಟೆ ಎಂದೆ. ಸ್ವಲ್ಪ ಹೊತ್ತು ಬಿಟ್ಟು, “ಹೋಗ್ಲಿ ಬಿಡು ತಾಯಿ, ಉಳಿದವು ಇದಾವಲ್ಲ” ಎಂಬ ದನಿ ಕೇಳಿಸಿತು. ಅದು ನನಗೆ ಹೇಳಿದ ಮಾತಲ್ಲ. ನಸುಕಿಗೆ ಬಾಗಿಲು ತೆರೆದಾಗ ಆಗಷ್ಟೇ ಒತ್ತಿಟ್ಟ ಚಕ್ಕುಲಿಯಂತೆ 22 ಮರಿ, ಒಂದೊಂದೂ ಒಂದೂವರೆ ಅಡಿ. ಕದ್ರು ಅವುಗಳತ್ತ ತಲೆಯನ್ನೂ ಹೊರಳಿಸಲಿಲ್ಲ. ಬೋವಾ ತಾಯಿ ಮರಿಗಳಿಗೆ ಉಣಿಸುವುದಿಲ್ಲ. ಅಮ್ಮನಿಗೆ ಅದಕ್ಕಿಂತ ದೊಡ್ಡ ಚಿಂತೆ ಬೇರೆಯಿತ್ತು: “ಬಾಣಂತಿ ಕಿವಿಗೆ ಹತ್ತಿ ಇಡೋಣ ಅಂದ್ರೆ ಕಿವಿನೇ ಇಲ್ವಲ್ಲೋ.”

ಫೋಟೊ ಊರಿನ ವಾಟ್ಸಾಪ್ ಗುಂಪಿಗೆ ಹೋಯಿತು. ನಾಲ್ಕು ವರ್ಷದಿಂದ ಫೋನು ಮಾಡದ ನೆಂಟರೊಬ್ಬರು ಅಂದೇ ಮಾಡಿದರು: “ಎರಡು ತಲೆ ಹಾವು ಕೋಟಿಗೆ ಹೋಗತ್ತಂತೆ. ಇದರ ರೇಟೆಷ್ಟು?” ನಗು ಬರಲಿಲ್ಲ. ಆ ಬಡಪಾಯಿ ಹಾವಿಗೆ ಇರುವುದು ಒಂದೇ ತಲೆ. ಮೊಂಡು ಬಾಲ ಇನ್ನೊಂದು ತಲೆಯಂತೆ ಕಾಣುತ್ತದೆ, ಅಷ್ಟೆ. ಬೋವಾದ ದೂರದ ನೆಂಟ, ಹೊಲದ ಇಲಿ ತಿಂದು ಮಣ್ಣಿನಲ್ಲಿ ಅಡಗಿರುವ ಜೀವ. ನಿಧಿ, ಅದೃಷ್ಟ ಎಂಬ ಹುಚ್ಚಿಗೆ ಅದನ್ನು ಅಗೆದು ತೆಗೆದು, ಚೀಲಕ್ಕೆ ತುಂಬಿ, ತೂಕ ಹಾಕಿ ಮಾರುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿದೆ, ಅರಣ್ಯ ಇಲಾಖೆಯವರು ಹಿಡಿದ ಸುದ್ದಿ ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ, ಕೊಳ್ಳುವವರಿಗೆ ಮಾತ್ರ ಬರವಿಲ್ಲ. ಇದನ್ನೆಲ್ಲ ಹೇಳಿದೆ. “ಅಂದ್ರೆ ರೇಟು ಹೇಳಲ್ಲ ಅನ್ನು” ಎಂದು ಫೋನಿಟ್ಟರು.

ಮರಿಗಳು ಮೊದಲ ಪೊರೆ ಕಳಚಿ, ಇಲಿಮರಿ ನುಂಗಲು ಕಲಿತವು. ಅಕ್ಟೋಬರಿನಲ್ಲಿ ಟಿನ್ಲಿ ಪಾರ್ಕಿನ ಹಾವು ಹಲ್ಲಿಗಳ ಮೇಳಕ್ಕೆ ಒಯ್ದೆ. ಅಮ್ಮನೂ ಕಾಂಚೀಪುರಂ ಸೀರೆಯುಟ್ಟು ಹೊರಟಳು. ಕತ್ತಿನ ತನಕ ಹಚ್ಚೆ ಹಾಕಿಸಿಕೊಂಡ ಹುಡುಗನೊಬ್ಬ ಮರಿಯೊಂದನ್ನು ಮೆಚ್ಚಿ ದುಡ್ಡು ತೆಗೆದ. ಅಮ್ಮ ಡಬ್ಬದ ಮೇಲೆ ಕೈಯಿಟ್ಟಳು. “ಇದು 25 ವರ್ಷ ಬದುಕತ್ತೆ ಅಂತ ಹೇಳು. ಮದುವೆಯಾಗಿದೆಯಾ ಕೇಳು. ಹೆಂಡತಿ ಒಪ್ಪಿದಾಳಾ?”

ನಾನು ನಾಚುತ್ತಲೇ ಇಂಗ್ಲಿಷಿನಲ್ಲಿ ಕೇಳಿದೆ. ಅವನು ತಲೆ ಕೆರೆದುಕೊಂಡು, ಮನೆಗೆ ಫೋನು ಮಾಡಿ ಕೇಳಿ ಬರುತ್ತೇನೆಂದು ಹೊರಗೆ ಹೋದ.

“ನೋಡು, ಎಷ್ಟು ಒಳ್ಳೇ ಹುಡುಗ” ಎಂದಳು ಅಮ್ಮ. “ನೀನು ಕೇಳಿದ್ಯಾ?”