ಡಬ್ಬಿ ಮೀಮಾಂಸೆ: ಗೃಹ ಅರ್ಥಶಾಸ್ತ್ರದ ಒಂದು ಉಪೇಕ್ಷಿತ ಅಧ್ಯಾಯ

ಕೌಟಿಲ್ಯನ ‘ಅರ್ಥಶಾಸ್ತ್ರ’ದ ತಾಳೆಗರಿ ಪ್ರತಿ 1905ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಾಶಾಸ್ತ್ರಿಗಳ ಕೈಸೇರಿತು, 1909ರಲ್ಲಿ ಅಚ್ಚಾಯಿತು. ರಾಜನ ಬೊಕ್ಕಸದಿಂದ ಅಧಿಕಾರಿಗಳು ಹಣ ಲಪಟಾಯಿಸುವ ನಲವತ್ತು ವಿಧಾನಗಳನ್ನು ಆ ಗ್ರಂಥ ಪಟ್ಟಿ ಮಾಡುತ್ತದೆ. ನಲವತ್ತೊಂದನೆಯದು ಅದೇ ಊರಿನ ಅಡುಗೆಮನೆಗಳಲ್ಲಿ ನಿರಾತಂಕವಾಗಿ ನಡೆದಿತ್ತು. ಯಾವ ಪಂಡಿತರ ಕಣ್ಣಿಗೂ ಬೀಳಲಿಲ್ಲ. ಆ ಕೊರತೆ ತುಂಬುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಅಧ್ಯಯನದ ವ್ಯಾಪ್ತಿ, ಒಲೆಯ ಮೇಲಿನ ಎಡಗಡೆ ಶೆಲ್ಫು. ಮೂಲ ಆಕರ, ಸಾಸಿವೆ ಡಬ್ಬಿ.

ಸಾಸಿವೆಯೇ ಏಕೆ, ತೊಗರಿಬೇಳೆ ಏಕಲ್ಲ ಎಂಬ ಆಕ್ಷೇಪಕ್ಕೆ ಮೊದಲು ಸಮಾಧಾನ ಹೇಳಬೇಕು. ಬೇಳೆ ಡಬ್ಬಿಗೆ ದಿನಾ ಕೈ ಹೋಗುತ್ತದೆ. ಒಗ್ಗರಣೆಗೆ ಬೇಕಾಗುವ ಸಾಸಿವೆಯಾದರೋ ಮಸಾಲೆ ಡಬ್ಬಿಯ ಪುಟ್ಟ ಬಟ್ಟಲಲ್ಲೇ ಇರುತ್ತದೆ. ದಾಸ್ತಾನಿನ ಡಬ್ಬಿ ತಿಂಗಳಿಗೊಮ್ಮೆ ತೆರೆದರೆ ಹೆಚ್ಚು. ಹಾಗಾಗಿ ಇದು ಉಳಿತಾಯ ಖಾತೆಯಲ್ಲ, ನಿಶ್ಚಿತ ಠೇವಣಿ. ಅದರೊಳಗೆ, ಮೆಡಿಕಲ್ ಶಾಪಿನವರು ಮಾತ್ರೆ ಹಾಕಿಕೊಟ್ಟ ಸಣ್ಣ ಕವರಿನಲ್ಲಿ, ನಾಲ್ಕು ಮಡಿಕೆಯಾದ ಐನೂರರ ನೋಟುಗಳು, ಪಕ್ಕದಲ್ಲಿ ಒಂದು ಗಂಟು ಚಿಲ್ಲರೆ. ನೋಟಿನ ಮಡಿಕೆ ಬಿಡಿಸಿದರೆ ನಾಲ್ಕು ಕಾಳು ಸಾಸಿವೆ ಉದುರುತ್ತದೆ. ಅಸಲಿ ನೋಟಿನ ಗುರುತುಗಳಲ್ಲಿ ಇದನ್ನೂ ಸೇರಿಸಬಹುದಿತ್ತು.

ಆದಾಯದ ಮೂಲಗಳ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿದೆ. ಹಳೇ ಪೇಪರಿನ ದುಡ್ಡು, ತರಕಾರಿಯವನ ಹತ್ತಿರ ಚೌಕಾಸಿ ಮಾಡಿ ಉಳಿಸಿದ್ದು, ತವರಿನವರು ಕುಂಕುಮಕ್ಕೆಂದು ಕೈಗಿಟ್ಟದ್ದು. ಇವೆಲ್ಲಕ್ಕಿಂತ ದೊಡ್ಡದು, ಒಗೆಯಲು ಹಾಕಿದ ಷರಟಿನ ಜೇಬು. ಆದಾಯ ತೆರಿಗೆ ಇಲಾಖೆ ಮೂಲದಲ್ಲೇ ತೆರಿಗೆ ಕಡಿತ ಎನ್ನುವುದು ಈ ತತ್ತ್ವಕ್ಕೇ. ವ್ಯತ್ಯಾಸವೆಂದರೆ ಇಲ್ಲಿ ರಿಟರ್ನ್ ಸಲ್ಲಿಸುವಂತಿಲ್ಲ, ರೀಫಂಡ್ ಕೇಳುವಂತಿಲ್ಲ.

ಇನ್ನು ಸಾಲನೀತಿ. ತಿಂಗಳ ಇಪ್ಪತ್ತೈದರ ಸುಮಾರಿಗೆ ಯಜಮಾನರು ಸ್ಕೂಟರಿನ ಪೆಟ್ರೋಲಿಗೆ ಐನೂರು ಕೇಳುತ್ತಾರೆ. “ನನ್ನ ಹತ್ತಿರ ಎಲ್ಲಿಂದ ಬರಬೇಕು” ಎಂಬ ಉತ್ತರ ಬರುತ್ತದೆ. ಅರ್ಧ ಗಂಟೆಯ ಮೇಲೆ, ಪಕ್ಕದ ಮನೆಯವರಿಂದ ಕೈಗಡ ತಂದದ್ದು ಎಂಬ ಟಿಪ್ಪಣಿಯೊಂದಿಗೆ ಹಣ ಬಿಡುಗಡೆಯಾಗುತ್ತದೆ. ಒಂದನೇ ತಾರೀಖು ಆರುನೂರು ವಾಪಸ್. ತನ್ನದೇ ಜೇಬಿನಿಂದ ಹೋದ ದುಡ್ಡನ್ನು ಮನುಷ್ಯ ಬಡ್ಡಿ ಕೊಟ್ಟು ಸಾಲ ಪಡೆದು ಕೃತಜ್ಞತೆಯನ್ನೂ ಸಲ್ಲಿಸುವ ಇಂಥ ವ್ಯವಸ್ಥೆ ರಿಸರ್ವ್ ಬ್ಯಾಂಕಿಗೂ ಸಾಧ್ಯವಾಗಿಲ್ಲ.

ಹಣದ ಬಗ್ಗೆ ಆರೋಗ್ಯಕರ ಮನೋಭಾವ ಬೆಳೆಸಿಕೊಳ್ಳಿ ಎಂದು ಈಗಿನ ಗುರುಗಳು ಬೆಳಿಗ್ಗೆ ಎದ್ದು ಕನ್ನಡಿ ಮುಂದೆ “ನಾನು ಶ್ರೀಮಂತ” ಎಂದು ಹೇಳಿಸುತ್ತಾರಂತೆ. ಡಬ್ಬಿ ಸಂಪ್ರದಾಯದ ಮಂತ್ರ ಇದಕ್ಕೆ ತದ್ವಿರುದ್ಧ: “ದುಡ್ಡಿಲ್ಲ.” ದುಡ್ಡು ಇದೆ ಎಂಬುದು ಪಾರಮಾರ್ಥಿಕ ಸತ್ಯ, ಇಲ್ಲ ಎಂಬುದು ವ್ಯಾವಹಾರಿಕ ಸತ್ಯ, ಎರಡನ್ನೂ ಒಂದೇ ಮುಖಭಾವದಲ್ಲಿ ಧರಿಸಬಲ್ಲವಳೇ ಅಧಿಕಾರಿ. ಕನ್ನಡಿಯ ಪಂಥದವರು ತಿಂಗಳ ಕೊನೆಗೆ ಬಂದು ಸಾಲ ಕೇಳುವುದು ಈ ಪಂಥದವರ ಹತ್ತಿರವೇ.

ಪೂರ್ವಪಕ್ಷವನ್ನೂ ಗಮನಿಸೋಣ. ಅಮೆರಿಕದ ಎಲಿಜಬೆತ್ ವಾರನ್ ತಮ್ಮ ಮಗಳೊಂದಿಗೆ 2005ರಲ್ಲಿ ಬರೆದ ಪುಸ್ತಕದಲ್ಲಿ ಕೈಗೆ ಬರುವ ಸಂಬಳದಲ್ಲಿ ಐವತ್ತು ಪಾಲು ಅಗತ್ಯಕ್ಕೆ, ಮೂವತ್ತು ಆಸೆಗೆ, ಇಪ್ಪತ್ತು ಉಳಿತಾಯಕ್ಕೆ ಎಂದರು. ಲೆಕ್ಕ ಚೆನ್ನಾಗಿದೆ. ಆದರೆ ವೈಶಾಖದಲ್ಲಿ ಒಂದೇ ವಾರಕ್ಕೆ ಮೂರು ಮದುವೆ, ಒಂದು ಗೃಹಪ್ರವೇಶ ಬಂದರೆ ಮುಯ್ಯಿ ಯಾವ ಪಾಲಿಗೆ ಸೇರಬೇಕು? ಅಗತ್ಯವೆನ್ನಲು ಹೊಟ್ಟೆಗಿಲ್ಲ, ಆಸೆಯೆನ್ನಲು ಯಾರಿಗೂ ಇಷ್ಟವಿಲ್ಲ. ಉಳಿತಾಯ ಎಂಬುದೇ ನನ್ನ ಪಕ್ಷ. ಹತ್ತು ವರ್ಷದ ಹಿಂದೆ ಅವರು ನಮಗೆ ಹಾಕಿದ 501 ನೋಟ್‌ಬುಕ್ಕಿನಲ್ಲಿ ಬರೆದಿರುತ್ತದೆ. ಅದನ್ನು ನೋಡಿಕೊಂಡು, ಬೆಲೆಯೇರಿಕೆಯನ್ನೂ ಕೂಡಿಸಿ, 1001 ಹಾಕುತ್ತೇವೆ. ಇದು ದೀರ್ಘಾವಧಿ ಬಾಂಡು.

2017ರಲ್ಲಿ ನೊಬೆಲ್ ಪಡೆದ ರಿಚರ್ಡ್ ಥೇಲರ್, ಜನ ಹಣವನ್ನು ಮನಸ್ಸಿನಲ್ಲೇ ಬೇರೆಬೇರೆ ಖಾತೆಗಳಾಗಿ ವಿಂಗಡಿಸಿಕೊಳ್ಳುತ್ತಾರೆ ಎಂದು ತೋರಿಸಿದರು. ಮನಸ್ಸನ್ನು ನಂಬದೆ ಡಬ್ಬಿಯಲ್ಲೇ ವಿಂಗಡಿಸಿಟ್ಟವರಿಗೆ ಏನೂ ಸಿಗಲಿಲ್ಲ. ನಮ್ಮ ಕರಾವಳಿಯವರು ಮಾತ್ರ ಇದರ ಮರ್ಮ ಬೇಗ ಅರಿತರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಉಡುಪಿಯ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿ, ಮನೆಬಾಗಿಲಿಗೇ ಹೋಗಿ ದಿನಕ್ಕೆ ಎರಡಾಣೆ ವಸೂಲಿ ಮಾಡಿತು. 2020ರಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಸಾಸಿವೆ ಡಬ್ಬಿ ಇಂದಿಗೂ ಜೀರಿಗೆ ಡಬ್ಬಿಯಲ್ಲಿ ವಿಲೀನಗೊಂಡಿಲ್ಲ.

ಈ ಪರಂಪರೆಗೆ ದೊಡ್ಡ ಪೆಟ್ಟು ಬಿದ್ದದ್ದು 2016ರ ನವೆಂಬರ್ 8ರ ರಾತ್ರಿ. ಐನೂರು, ಸಾವಿರದ ನೋಟು ನಡೆಯುವುದಿಲ್ಲ ಎಂದಾಗ ಡಬ್ಬಿಗಳು ಬಾಯಿ ತೆರೆದವು, ಅದಕ್ಕಿಂತ ಅಗಲವಾಗಿ ಗಂಡಂದಿರು ಬಾಯಿ ತೆರೆದರು. ಗೃಹಿಣಿಯರು ಕಟ್ಟುವ ಎರಡೂವರೆ ಲಕ್ಷದವರೆಗಿನ ಠೇವಣಿಯನ್ನು ಪ್ರಶ್ನಿಸುವುದಿಲ್ಲ ಎಂದು ಕೇಂದ್ರ ಸರ್ಕಾರವೇ ಹೇಳಬೇಕಾಯಿತು. ಸರ್ಕಾರ ಪ್ರಶ್ನಿಸಲಿಲ್ಲ ನಿಜ, ಮನೆಯಲ್ಲಿ ಪ್ರಶ್ನೋತ್ತರ ಕಲಾಪ ಬಹಳ ಕಾಲ ನಡೆಯಿತು.

ಎರಡನೆಯ ಪೆಟ್ಟು ಅದೇ ವರ್ಷ ಬಂದ ಯುಪಿಐ. ಜೇಬಿನಲ್ಲಿ ನೋಟೇ ಇಲ್ಲದ ಮೇಲೆ ಕಡಿತ ಎಲ್ಲಿಂದ? ಎಳನೀರು ಗಾಡಿಯ ಸೌಂಡ್‌ಬಾಕ್ಸ್ “ಐವತ್ತು ರೂಪಾಯಿ ಸ್ವೀಕರಿಸಲಾಗಿದೆ” ಎಂದು ಕೂಗಿದ್ದು ಇಡೀ ಬೀದಿಗೆ ಕೇಳಿಸುತ್ತದೆ, ಕೊಟ್ಟವನ ಕಿವಿಗೆ ಮಾತ್ರ ಬೀಳುವುದಿಲ್ಲ. ಡಬ್ಬಿ ತೆರೆಯಲು ಸ್ಟೂಲು ಹತ್ತಬೇಕಿತ್ತು. ಹತ್ತುವಷ್ಟರಲ್ಲಿ ಅರ್ಧ ಖರ್ಚು ಬೇಡವೆನಿಸುತ್ತಿತ್ತು. ಯಾವ ಬಜೆಟ್ ಆ್ಯಪಿನಲ್ಲೂ ಈ ಸ್ಟೂಲು ಇಲ್ಲ. 2023ರಿಂದ ರಾಜ್ಯ ಸರ್ಕಾರ ಗೃಹಲಕ್ಷ್ಮಿಯ ಹೆಸರಿನಲ್ಲಿ ತಿಂಗಳಿಗೆ 2000 ರೂಪಾಯಿ ಕೊಡುತ್ತಿರುವುದನ್ನು, ಈ ಪ್ರಬಂಧಕಾರ, ಡಬ್ಬಿಯ ಪುನಶ್ಚೇತನ ಪ್ಯಾಕೇಜ್ ಎಂದೇ ಪರಿಗಣಿಸುತ್ತಾನೆ.

ಓದಿದ ಗಂಡಸರಲ್ಲಿ ಒಂದು ವಿನಂತಿ. ಪತ್ರಿಕೆ ಮಡಚಿಟ್ಟು ಸಾಸಿವೆ ಡಬ್ಬಿ ತಡಕಲು ಹೋಗಬೇಡಿ. ಸಿಗುವುದು ಸಾಸಿವೆಯೇ. ಈ ಸಂಚಿಕೆಯನ್ನು ನಿಮಗಿಂತ ಮೊದಲು ಮನೆಯಲ್ಲಿ ಓದಿಯಾಗಿದೆ.