ಜಗಲಿಗೆ ಬಂದ ಟಿಪ್ಪಣಿಗಳು

ಬರೆಯುವ ಚಟದವರ ಟಿಪ್ಪಣಿಗಳು ಎಲ್ಲೆಲ್ಲಿ ಅಡಗಿರುತ್ತವೋ ಹೇಳಲಾಗದು. ನನ್ನವು ಬಸ್ ಟಿಕೆಟಿನ ಬೆನ್ನಿನಲ್ಲಿ, ಮದುವೆ ಕಾಗದದ ಅಂಚಿನಲ್ಲಿ, ಕಡೆಗೆ ನನಗೆ ನಾನೇ ಕಳಿಸಿಕೊಂಡ ವಾಟ್ಸಾಪ್ ಸಂದೇಶಗಳಲ್ಲಿ ಬಿದ್ದಿದ್ದವು. ಇವಕ್ಕೊಂದು ಜಗಲಿ ಇರಲಿ, ದಾರಿಹೋಕರೂ ಕೂತು ಹೋಗಲಿ ಎಂದು ಸ್ವಂತ ವೆಬ್‌ಸೈಟಿನ ಹುಚ್ಚು ಹತ್ತಿತು.

ಅಕ್ಕನ ಮಗ ಸಾಫ್ಟ್‌ವೇರಿನವನು. ಅವನ ಮುಂದೆ ಬಾಯಿ ಬಿಟ್ಟದ್ದೇ ತಡ, ಥೀಮು, ಪ್ಲಗಿನ್ನು, ಡೇಟಾಬೇಸು ಎಂದು ಸುರು ಮಾಡಿದ.

"ಬರೆಯುವುದು ಯಾವಾಗ ಮಾರಾಯ?"

"ಅದು ಕೊನೆಗೆ ಮಾವ."

ಆದರೆ ಊರಿನ ಚರಿತ್ರೆ ನನ್ನ ಪರವಾಗಿತ್ತು. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಇದೇ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದ್ದು ಕಲ್ಲಚ್ಚಿನಲ್ಲಿ. ಕಲ್ಲಿನ ಮೇಲೆ ಜಿಡ್ಡು ಶಾಯಿಯ ಬರಹ. ಮೇಲೆ ನೀರು ಸವರಬೇಕು, ಮಸಿ ಉರುಳಿಸಬೇಕು, ಕಾಗದ ಒತ್ತಬೇಕು. ಒದ್ದೆ ಕಲ್ಲು ಮಸಿಯನ್ನು ದೂರವಿಡುತ್ತದೆ, ಜಿಡ್ಡು ಹತ್ತಿರ ಕರೆಯುತ್ತದೆ, ಗುಟ್ಟು ಅಷ್ಟೇ. ಹದಿನೈದು ದಿನಕ್ಕೊಂದು ಸಂಚಿಕೆ. ಪ್ಲಗಿನ್ನಿನ ಸುದ್ದಿಯೇ ಇಲ್ಲ!

ಇದನ್ನು ಹೇಳಿದ ಮೇಲೆ ಹುಡುಗ ತಣ್ಣಗಾದ. ಈಗ ನಮ್ಮ ಏರ್ಪಾಡು ಇಷ್ಟು: ಒಂದು ಫೋಲ್ಡರು, ಟಿಪ್ಪಣಿಗೊಂದು ಸಾದಾ ಫೈಲು. ನುಡಿ ತಂತ್ರಾಂಶ ಬಳಸುವವರಿಗೆಲ್ಲ ಪರಿಚಯವಿರುವ ಕೆ. ಪಿ. ರಾವ್ ಕೀಲಿಮಣೆಯಲ್ಲಿ (ರಾವ್ ಇಲ್ಲೇ ಹತ್ತಿರದ ಕಿನ್ನಿಕಂಬಳದವರು, ಕೊಂಚ ಜಂಬ ಪಡಬಹುದು) ಕುಟ್ಟುವುದು. ತಲೆಬರಹದ ಮುಂದೊಂದು ಹ್ಯಾಶ್ ಚಿಹ್ನೆ. ಇದು ಜಾನ್ ಗ್ರೂಬರ್ 2004ರಲ್ಲಿ ಕೊಟ್ಟ ಮಾರ್ಕ್‌ಡೌನ್ ಪದ್ಧತಿ. ಹ್ಯೂಗೊ ಎಂಬ ತಂತ್ರಾಂಶ ಅದನ್ನು ವೆಬ್ ಪುಟವಾಗಿಸುತ್ತದೆ, ಗಿಟ್ ಎಂಬ ಇನ್ನೊಂದು ಅದನ್ನು ಅಂತರ್ಜಾಲಕ್ಕೆ ದಾಟಿಸುತ್ತದೆ. ಜಡಿಮಳೆಗೆ ಕರೆಂಟು ಹೋಗಿ ನೆಟ್ಟು ಸತ್ತರೂ ಬರಹ ಲ್ಯಾಪ್‌ಟಾಪಿನಲ್ಲೇ ಬೆಚ್ಚಗಿರುತ್ತದೆ. ನೆಟ್ಟು ಬಂದಾಗ ಕಳಿಸಿದರಾಯಿತು. ನಾಳೆ ಹ್ಯೂಗೊ ಮೂಲೆ ಸೇರಿದರೂ ಫೈಲನ್ನು ಯಾವ ಗಣಕವೂ ತೆರೆದೀತು. ನನಗೆ ಹಿಡಿಸಿದ್ದು ಇದೇ.

ಒಂದೇ ಒಂದು ಕಿರಿಕಿರಿ ಉಳಿದಿದೆ. ಫೈಲಿಗೆ ಅಭಿಮಾನದಿಂದ 'ಮಳೆ' ಎಂದು ಹೆಸರಿಟ್ಟು ಲಿಂಕನ್ನು ನಕಲು ಮಾಡಿ ಯಾರಿಗಾದರೂ ಕಳಿಸಿ ನೋಡಿ. ಆ ಎರಡಕ್ಷರ ಶೇಕಡಾ ಚಿಹ್ನೆ, ಅಂಕಿ, ಇಂಗ್ಲಿಷ್ ಅಕ್ಷರ ಸೇರಿದ 27 ಚಿಹ್ನೆಗಳ ಬಾಲವಾಗಿರುತ್ತದೆ. ಮ, ಳ, ಎತ್ವ ಒಂದೊಂದಕ್ಕೂ ಮೂರು ಬೈಟು, ಬೈಟಿಗೆ ಮೂರು ಚಿಹ್ನೆ. ಪಡೆದವರು ವೈರಸ್ ಎಂದು ಹೆದರಿ ಮುಟ್ಟುವುದಿಲ್ಲ. ಹಾಗಾಗಿ ನೀವೂ ಈ ಕೆಲಸಕ್ಕೆ ಇಳಿಯುವವರಾದರೆ ಫೈಲಿನ ಹೆಸರು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿರಲಿ. ಒಳಗೆ ಎಷ್ಟು ಬೇಕಾದರೂ ಕನ್ನಡ ಬರೆಯಿರಿ.