ಬಣ್ಣ ಜಾಸ್ತಿ, ಖಾರ ಕಮ್ಮಿ

ವಿಪತ್ತು ಎದುರಿಸಲು ಇನ್ನೊಂದು ಆ್ಯಪ್ ಬರುತ್ತದೆಂದರೆ ಹಾವೇರಿ ಸೀಮೆಯವರು ಮೊದಲು ಮೊಬೈಲಿನಲ್ಲಿ ಜಾಗ ಎಷ್ಟಿದೆ ನೋಡಿಕೊಳ್ಳುತ್ತಾರೆ. ಸಿಡಿಲಿಗೆ ಕೇಂದ್ರದ ‘ದಾಮಿನಿ’ ಇದೆ, ರಾಜ್ಯದ್ದೇ ಆದ ‘ಸಿಡಿಲು’ ಇದೆ. ಮಳೆಗೆ ‘ಮೌಸಮ್’, ಬೆಳೆಗೆ ‘ಮೇಘದೂತ್’, ಉಳಿದ ಗಂಡಾಂತರಗಳಿಗೆಲ್ಲ ‘ಸಚೇತ್’. ಬಡಿಯುವ ಸಿಡಿಲು ಒಂದೇ. ಯಾವ ಆ್ಯಪಿನಲ್ಲಿ ಬಡಿಸಿಕೊಳ್ಳಬೇಕೆಂಬುದು ರೈತನ ಇಷ್ಟ.

2023ರ ಅಕ್ಟೋಬರ್ 12ರಂದು ರಾಜ್ಯದಲ್ಲಿ ಮೊಬೈಲುಗಳು ಒಮ್ಮೆಲೇ ಕಿರುಚಿಕೊಂಡವು. ಎದೆ ಒಡೆದುಕೊಂಡು ನೋಡಿದರೆ ಪರೀಕ್ಷಾರ್ಥ ಸಂದೇಶ! ಆ ವರ್ಷ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಬರ ಸದ್ದು ಮಾಡುವುದಿಲ್ಲ ನೋಡಿ, ಅದಕ್ಕೇ ಅದಕ್ಕೆ ರಿಂಗ್‌ಟೋನ್ ಇಲ್ಲ.

ಹಾಗಂತ ಮುನ್ಸೂಚನೆ ನಮಗೆ ಹೊಸದಲ್ಲ. ರಾಣೆಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ದಸರೆಗೆ ಗೊರವಪ್ಪ ಬಿಲ್ಲೇರಿ ‘ಸದ್ದಲೇ’ ಎಂದರೆ ಇಡೀ ಜಾತ್ರೆ ಉಸಿರು ಬಿಗಿಹಿಡಿಯುತ್ತದೆ. ಒಂದೇ ಸಾಲಿನ ಭವಿಷ್ಯ, ಅದೇ ಕಾರ್ಣಿಕ. ಅದರಲ್ಲಿ ರೈತನಿಗೆ ಮಳೆ ಕಂಡರೆ ಪುಢಾರಿಗೆ ಕುರ್ಚಿ ಕಾಣುತ್ತದೆ. ‘ಅಲ್ಲಲ್ಲಿ ಸಾಧಾರಣದಿಂದ ಭಾರಿ’ ಎಂಬ ಹವಾಮಾನ ವರದಿಯೂ ಅದೇ ಕುಲದ್ದು. ಒಂದೇ ವ್ಯತ್ಯಾಸ: ನುಡಿದ ಮೇಲೆ ಗೊರವಪ್ಪ ಕೆಳಗೆ ಬೀಳುತ್ತಾನೆ, ಸಾಹೇಬರು ಮೇಲೆ ಹೋಗುತ್ತಾರೆ.

ಇನ್ನು ನೆರೆ ಇಳಿದ ಮೇಲಿನ ಕತೆ. 2019ರ ಆಗಸ್ಟಿನ ನೆರೆಯಲ್ಲಿ ಬಿದ್ದ ಮನೆಗಳಿಗೆ ಎ, ಬಿ, ಸಿ ಎಂದು ದರ್ಜೆ ಹಚ್ಚಿದರು. ಪೂರ್ತಿ ಬಿದ್ದ ಎ ದರ್ಜೆಗೆ 5 ಲಕ್ಷ, ಸಿ ದರ್ಜೆಗೆ 50 ಸಾವಿರ. ವರದಾ ನದಿ ದಂಡೆಯ ಮಣ್ಣಿನ ಗೋಡೆಗೆ ಈ ಲೆಕ್ಕ ತಿಳಿಯದು. ನೀರು ನಿಂತಷ್ಟು ದಿನ ನೆನೆದು ನಿಂತೇ ಇರುತ್ತದೆ; ಬಿಸಿಲು ಬಿದ್ದು ಒಣಗತೊಡಗಿದಾಗ ಬಿರುಕು ಬಿಟ್ಟು ದೊಪ್ಪೆಂದು ಕೂರುತ್ತದೆ. ಅಷ್ಟರಲ್ಲಿ ಸಮೀಕ್ಷೆಯ ಫೋಟೊ ಸಿ ದರ್ಜೆಯಲ್ಲಿ ಮೇಲೇರಿರುತ್ತದೆ. ‘ಎಂಟು ದಿನ ಬಿಟ್ಟು ಬಂದು ನೋಡ್ರೀ’ ಎನ್ನಲು ಯಾವ ಆ್ಯಪಿನಲ್ಲಿ ಗುಂಡಿ ಇದೆ?

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಮ್ಮಿ. ಆ ಗುಣಕ್ಕೇ ಹೆಸರಾದ ಕಾಯಿಗೆ 2011ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಹಾಗೆಯೇ ಹಳದಿ, ಕಿತ್ತಳೆ, ಕೆಂಪು ಎಂದು ಎಚ್ಚರಿಕೆಯ ಬಣ್ಣ ಬದಲಿಸುವುದಷ್ಟೇ ಗೊತ್ತಿರುವ ಆ್ಯಪಿಗೆ ಉದ್ಘಾಟನೆ ಸಿಗುತ್ತದೆ. ಮಾರುಕಟ್ಟೆ ಅಂಗಳದಲ್ಲಿ ಮೋಡ ಕವಿದ ಗಳಿಗೆಯನ್ನು ಊಹಿಸಿಕೊಳ್ಳಿ. ಕಾಯಿ ಆರಿಸುವ ಹೆಣ್ಣುಮಗಳೊಬ್ಬಳು: ಘಾಟಿಗೆ ಕಣ್ಣಲ್ಲಿ ನೀರು, ಬಾಯಿಗೆ ಸೆರಗು, ಕೈ ತುಂಬ ಕೆಂಪು ಪುಡಿ. ಆ ಹೆಬ್ಬೆಟ್ಟನ್ನು ಮೊಬೈಲ್ ಗುರುತಿಸುವುದಿಲ್ಲ. ಗುರುತಿಸಿದರೂ ಮೊದಲು ‘ಲೊಕೇಶನ್ ಆನ್ ಮಾಡಿ’ ಎನ್ನುತ್ತದೆ. ಆಕೆ ನಿಂತ ಜಾಗ ಮಳೆಗೆ ಮಾತ್ರ ಸರಿಯಾಗಿ ಗೊತ್ತು.

ಆ್ಯಪ್ ಮಾಡುವ ಮಹನೀಯರಲ್ಲಿ ಒಂದೇ ವಿನಂತಿ. ಸೋಮವಾರವೋ ಗುರುವಾರವೋ ಬ್ಯಾಡಗಿಗೆ ಬನ್ನಿ, ಅವತ್ತು ಮೆಣಸಿನಕಾಯಿ ವಹಿವಾಟು. ಮೊದಲ ಹನಿ ಬೀಳುವಾಗ ತಾಡಪತ್ರಿಯ ಇನ್ನೊಂದು ತುದಿ ಹಿಡಿಯಲು ಒಬ್ಬರು ಬೇಕಾಗಿದ್ದಾರೆ.